ನೀಲಗಿರಿಯ ಜನ: ಊಟಿಗೆ ಹೋಗಿ ಬಂದವರು ಪದೇ ಪದೇ ಕೇಳುವ ಪ್ರಶ್ನೆಗಳು

ಗುಂಡ್ಲುಪೇಟೆ ದಾಟಿ, ಬಂಡೀಪುರದ ಕಾಡು ಮುಗಿಸಿ, ಮಸಿನಗುಡಿಯಿಂದ ಕಲ್ಲಟ್ಟಿಯ 36 ತಿರುವುಗಳನ್ನು ಏರಿದರೆ ಊಟಿ. ನಮ್ಮ ಕಡೆಯವರಿಗೆ ಅದೆಂದರೆ ಸಸ್ಯೋದ್ಯಾನ, ದೋಣಿ, ಪುಟಾಣಿ ರೈಲು, ಒಂದು ಪೊಟ್ಟಣ ವರ್ಕಿ, ಸಂಜೆಗೆ ವಾಪಸ್. ಬೆಟ್ಟದ ಮೇಲೆ ಕಂಡ ಜನರ ಬಗ್ಗೆ ಅವರು ಆಮೇಲೆ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಪ್ರತಿ ಸಲ ಹೇಳಿದ್ದನ್ನೇ ಹೇಳಿ ಸಾಕಾಗಿ ಇಲ್ಲಿ ಒಟ್ಟಿಗೆ ಬರೆದಿಟ್ಟಿದ್ದೇನೆ. ನಾನು ಸಂಶೋಧಕನಲ್ಲ. ವರ್ಷಗಳಿಂದ ಆ ಬೆಟ್ಟ ಹತ್ತಿ ಇಳಿಯುತ್ತಿರುವವನು, ಅಷ್ಟಿಷ್ಟು ಓದಿಕೊಂಡವನು.

ಅಲ್ಲಿರುವವರೆಲ್ಲ ಒಂದೇ ಬುಡಕಟ್ಟಿನವರೇ?

ಅಲ್ಲ. ನೀಲಗಿರಿಯ ಸ್ವಾರಸ್ಯವೇ ಇಲ್ಲಿದೆ. ಮೇಲಿನ ಹುಲ್ಲುಗಾವಲುಗಳಲ್ಲಿ ಎಮ್ಮೆ ಸಾಕುವ ತೋಡರು. ಅದೇ ಎತ್ತರದಲ್ಲಿ ಕುಲುಮೆ, ಕುಂಬಾರಿಕೆ, ಮರಗೆಲಸ, ವಾದ್ಯ ನಾಲ್ಕನ್ನೂ ಬಲ್ಲ ಕೋತರು; ಅವರವು ಏಳೇ ಊರುಗಳು. ಹೊಲ, ತೋಟ ಮಾಡುವ ಬಡಗರು. ಸಂಖ್ಯೆಯಲ್ಲಿ ಇವರೇ ಹೆಚ್ಚು. ಇಳಿಜಾರಿನ ಕಾಡುಗಳಲ್ಲಿ ಆಲು ಕುರುಂಬ, ಬೆಟ್ಟ ಕುರುಂಬ, ಮುಳ್ಳು ಕುರುಂಬ ಎಂಬ ಹಲವು ಕವಲುಗಳ ಕುರುಂಬರು. ಪೂರ್ವದ ತಪ್ಪಲಲ್ಲಿ ಇರುಳರು. ಗೂಡಲೂರಿನ ಕಡೆ ಪಣಿಯರು, ಕಾಟ್ಟುನಾಯಕರು. ಒಬ್ಬೊಬ್ಬರದೂ ಬೇರೆ ಭಾಷೆ, ಬೇರೆ ದೇವರು, ಬೇರೆ ಊಟ.

ತೋಡರು ಎರಡು ಸಾವಿರದ ಆಸುಪಾಸು, ಕೋತರೂ ಸುಮಾರು ಅಷ್ಟೇ. ಬಡಗ ತಮ್ಮ ತಾಯ್ನುಡಿ ಎಂದು 2011ರ ಜನಗಣತಿಯಲ್ಲಿ ಬರೆಸಿದವರು ಸುಮಾರು 1,33,000 ಮಂದಿ.

ಇವರಾರೂ ಅಲ್ಲದ ಇನ್ನೊಂದು ದೊಡ್ಡ ಸಮುದಾಯವನ್ನು ಪ್ರವಾಸಿಗರು ಗಮನಿಸುವುದೇ ಇಲ್ಲ. 1964ರ ಸಿರಿಮಾವೊ–ಶಾಸ್ತ್ರಿ ಒಪ್ಪಂದದ ನಂತರ ಶ್ರೀಲಂಕಾದಿಂದ ಬಂದ ತಮಿಳು ಕುಟುಂಬಗಳು ಅವು. ರಸ್ತೆಯಂಚಿನ ಚಹಾ ತೋಟದಲ್ಲಿ ನೀವು ಫೋಟೊ ತೆಗೆದ ಹೆಂಗಸು ಬಹುಶಃ ಆ ಮನೆಗಳ ಮಗಳೋ ಮೊಮ್ಮಗಳೋ ಆಗಿರುತ್ತಾಳೆ.

ಬಡಗರು ಮಾತನಾಡುವುದು ಕನ್ನಡವೇ?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಕೇಳುವಾಗ ನಮ್ಮವರ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇರುತ್ತದೆ. ಜನಗಣತಿಯವರು ಬಡಗವನ್ನು ಕನ್ನಡದ ಕೆಳಗೇ ಒಂದು ತಾಯ್ನುಡಿಯಾಗಿ ಸೇರಿಸಿಕೊಂಡಿದ್ದಾರೆ. ಭಾಷಾಶಾಸ್ತ್ರಜ್ಞರಲ್ಲಿ ಹಲವರು ಅದನ್ನು ಸ್ವತಂತ್ರ ಭಾಷೆ ಎನ್ನುತ್ತಾರೆ. ಬಡಗರನ್ನು ಕೇಳಿದರೆ, ನಮ್ಮದು ಬಡಗ ಎನ್ನುತ್ತಾರೆ. ಆ ಮೂರನೆಯ ಉತ್ತರಕ್ಕೇ ನನ್ನ ಮತ.

ನೆಂಟಸ್ತನ ಮಾತ್ರ ಎದ್ದು ಕಾಣುತ್ತದೆ. ಊರಿಗೆ ಹಟ್ಟಿ ಎನ್ನುತ್ತಾರೆ. ಬೆಟ್ಟ ಬೆಟ್ಟವೇ, ಹಬ್ಬ ಹಬ್ಬವೇ. ತಮಿಳುನಾಡಿನ ಭೂಪಟದಲ್ಲಿ ದೊಡ್ಡಬೆಟ್ಟ, ಹುಲಿಕಲ್, ಹೊಸಹಟ್ಟಿ ಎಂಬ ಹೆಸರುಗಳನ್ನು ಓದುವಾಗ ನಮಗೆ ನಿಘಂಟು ಬೇಕಾಗುವುದಿಲ್ಲ. 2,637 ಮೀಟರ್ ಎತ್ತರದ ದೊಡ್ಡಬೆಟ್ಟದ ತುದಿಯಲ್ಲಿ ನಿಂತು ಆ ಹೆಸರಿಗೆ ಅರ್ಥ ಹುಡುಕುವ ಪ್ರವಾಸಿಗರನ್ನು ಕಂಡಾಗ ನನಗೆ ನಗು ಬರುತ್ತದೆ. ಬೆಟ್ಟ ದೊಡ್ಡದು, ಅದಕ್ಕೇ ದೊಡ್ಡಬೆಟ್ಟ. ನೀಲಗಿರಿಗೆ ಬಡಗರು ತಮ್ಮಲ್ಲಿ ಹೇಳಿಕೊಳ್ಳುವ ಹೆಸರು ನಾಕ್ಕುಬೆಟ್ಟ, ಅಂದರೆ ನಾಲ್ಕು ಬೆಟ್ಟ.

ಆದರೆ ವೇಗವಾಗಿ ಮಾತನಾಡಿದರೆ ನಮಗೆ ಅರ್ಧ ಸಿಕ್ಕಿದರೆ ಹೆಚ್ಚು. ಕೊನೆಗಳು ಬೇರೆ, ರಾಗ ಬೇರೆ. ನಾಲಿಗೆಯ ತುದಿಯನ್ನು ಹಿಂದಕ್ಕೆ ಮಡಿಚಿ ಉಚ್ಚರಿಸುವ ಸ್ವರಗಳು ಬಡಗದಲ್ಲಿದ್ದವು. ಮರ್ರೆ ಎಮೆನೋ ಎಂಬ ಭಾಷಾವಿಜ್ಞಾನಿ 1930ರ ದಶಕದಲ್ಲಿ ನೀಲಗಿರಿಗೆ ಬಂದು ಉಳಿದವರು. ಆ ಸ್ವರಗಳನ್ನು ಗುರುತಿಸಿ ದಾಖಲಿಸಿದರು. ಈಗಿನ ಹುಡುಗರ ಮಾತಿನಲ್ಲಿ ಅವು ಸವೆದುಹೋಗಿವೆ.

ಶಾಲೆಯಲ್ಲಿ ಕಲಿಯುವುದು ತಮಿಳು ಮತ್ತು ಇಂಗ್ಲಿಷ್. ಹಾಗಾಗಿ ಬರೆಯುವಾಗ ಬಡಗ ಮಾತು ತಮಿಳು ಲಿಪಿಯಲ್ಲೇ ಹೆಚ್ಚಾಗಿ ಕಾಣುತ್ತದೆ. ಕನ್ನಡ ಲಿಪಿ ಓದಬಲ್ಲ ಬಡಗರು ಸಿಗುವುದು ಅಪರೂಪ. ನಟಿ ಸಾಯಿ ಪಲ್ಲವಿಯ ಮನೆಮಾತು ಇದೇ. ಇದನ್ನು ಹೇಳಿದರೆ ಮಾತ್ರ ನಮ್ಮ ಮನೆಯ ಮಕ್ಕಳು ಕಿವಿ ನಿಮಿರಿಸುತ್ತಾರೆ.

ಅವರು ಮೈಸೂರು ಕಡೆಯಿಂದ ಹೋದವರಂತೆ, ನಿಜವೇ?

ಬಡಗ ಎಂದರೆ ಬಡಗಣದವನು, ಉತ್ತರದವನು. ಹೆಸರಿನಲ್ಲೇ ದಿಕ್ಕಿದೆ. ನಂಜನಗೂಡು, ಉಮ್ಮತ್ತೂರಿನ ಬಯಲಿನಿಂದ ಹಲವು ಗುಂಪುಗಳು ಬೇರೆ ಬೇರೆ ಕಾಲದಲ್ಲಿ ಬೆಟ್ಟ ಹತ್ತಿದವು ಎಂಬುದು ಸಾಮಾನ್ಯ ಅಭಿಪ್ರಾಯ. 1565ರಲ್ಲಿ ವಿಜಯನಗರ ಬಿದ್ದ ನಂತರದ ಗೊಂದಲದ ಕಾಲವನ್ನು ಹಲವರು ಮುಖ್ಯ ಕಾರಣವಾಗಿ ಹೇಳುತ್ತಾರೆ. ಬಡಗರಲ್ಲಿ ಉದಯರೆಂಬ ಲಿಂಗಾಯತ ಗುಂಪೊಂದಿದೆ. ನಮ್ಮ ಒಡೆಯರ್ ಎಂಬುದೇ ಅಲ್ಲಿ ಹಾಗಾಗಿದೆ. ತಾವು ಎಲ್ಲಿಂದಲೂ ಬಂದವರಲ್ಲ, ಬೆಟ್ಟದವರೇ ಎಂದು ವಾದಿಸುವ ಬಡಗರೂ ಈಗ ಇದ್ದಾರೆ. ಆ ವಾದದ ಹಿಂದೆ ಮೀಸಲಾತಿಯ ಪ್ರಶ್ನೆಯೂ ಇದೆ, ಮುಂದೆ ಹೇಳುತ್ತೇನೆ.

ನಮಗೂ ಈ ಬೆಟ್ಟಕ್ಕೂ ಇರುವ ನಂಟು ಬಡಗರಿಂದ ಶುರುವಾದದ್ದೇನಲ್ಲ. ತೋಡರ ಹೆಸರು ಲಿಖಿತ ರೂಪದಲ್ಲಿ ಮೊದಲು ಕಾಣಿಸುವುದು ನಮ್ಮ ಚಾಮರಾಜನಗರದ ಪಾರ್ಶ್ವನಾಥ ಬಸದಿಯ 1117ರ ಶಾಸನದಲ್ಲಿ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸ ತೋಡರನ್ನು ಬೆದರಿಸಿ ನೀಲಾದ್ರಿಯನ್ನು ಹಿಡಿದನೆಂದು ಅದು ಹೊಗಳುತ್ತದೆ. ಕೈಯಲ್ಲಿ ಕೋಲು ಹಿಡಿದು ಎಮ್ಮೆ ಕಾಯುವವರನ್ನು ಬೆದರಿಸಲು ದಂಡನಾಯಕನೇ ಬೇಕಿತ್ತೇ ಎಂದು ನನಗೆ ಆ ಸಾಲು ಓದಿದಾಗಲೆಲ್ಲ ಅನ್ನಿಸುತ್ತದೆ. ಮುಂದೆ ಹೈದರ್, ಟಿಪ್ಪು ಕಾಲದಲ್ಲೂ ಬೆಟ್ಟ ಮೈಸೂರಿನ ಕೈಯಲ್ಲಿತ್ತು. 1799ರಲ್ಲಿ ಕಂಪನಿಗೆ ಹೋಯಿತು. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1819ರಲ್ಲಿ ಹತ್ತಿ ಬಂದ ಮೇಲೆ ಬಂಗಲೆ, ಆಲೂಗಡ್ಡೆ, ಕ್ಯಾರೆಟ್ ಎಲ್ಲ ಬಂದವು.

ಊಟಿಯ ಉದಕಮಂಡಲ ಎಂಬ ಹೆಸರಿನಲ್ಲಿ ನೀರು ಇದೆಯೇ?

ಅದು ಆಮೇಲೆ ಸಂಸ್ಕೃತದ ಕಡೆಗೆ ತಿದ್ದಿದ ರೂಪ. ಹಳೆಯ ರೂಪ ಒಟ್ಟಕಲ್ಮಂದು, ಒಂಟಿಕಲ್ಲಿನ ಮಂದು ಎಂದು ವಿವರಿಸುವವರು ಹೆಚ್ಚು. ಮಂದು ಎಂದರೆ ತೋಡರ ನೆಲೆ. ನಮ್ಮ ಮಂದೆ, ಕೊಡಗಿನ ಮಂದ್ ನೆನಪಾಗುತ್ತವಲ್ಲವೇ? ತೋಡರು ಮಾತ್ರ ತಮ್ಮ ನೆಲೆಯನ್ನು ಮೊದ್ ಎನ್ನುತ್ತಾರೆ.

ಅರ್ಧ ಪೀಪಾಯಿಯಂಥ ತೋಡರ ಮನೆಗಳಲ್ಲಿ ಈಗಲೂ ಯಾರಾದರೂ ಇದ್ದಾರೆಯೇ?

ಬಹಳ ಕಡಿಮೆ. ಬಿದಿರನ್ನು ಕಮಾನಾಗಿ ಬಗ್ಗಿಸಿ, ಬೆತ್ತದಿಂದ ಬಿಗಿದು, ಮೇಲೆ ಹುಲ್ಲು ಹೊದಿಸಿದ ಮನೆ ಅದು. ಬಾಗಿಲು ಮೂರು ಅಡಿಗಿಂತ ಹೆಚ್ಚಿರುವುದಿಲ್ಲ. ಮಂಡಿಯೂರಿ ತೆವಳಿಯೇ ಒಳಗೆ ಹೋಗಬೇಕು. ಚಳಿಯೂ ಕಾಡುಪ್ರಾಣಿಯೂ ಸುಲಭವಾಗಿ ನುಗ್ಗಬಾರದು ಎಂಬ ಲೆಕ್ಕ. ಸಸ್ಯೋದ್ಯಾನದ ಮೇಲ್ಭಾಗದ ಮಂದಿನಲ್ಲಿ ಪ್ರವಾಸಿಗರಿಗೆ ತೋರಿಸುವುದು ಇಂಥದ್ದನ್ನೇ. ಅದರ ಪಕ್ಕದ ಹೆಂಚಿನ ಅಥವಾ ಕಾಂಕ್ರೀಟ್ ಮನೆಯಲ್ಲಿ ಟಿವಿ ಓಡುತ್ತಿರುತ್ತದೆ. 'ಅಯ್ಯೋ, ಸಂಸ್ಕೃತಿ ಹಾಳಾಯಿತು' ಎಂದು ಕೊರಗುವವರು ಜನವರಿಯ ಮಂಜುಕಟ್ಟುವ ರಾತ್ರಿಯೊಂದನ್ನು ಹುಲ್ಲಿನ ಮನೆಯಲ್ಲಿ ಕಳೆದು ನೋಡಲಿ.

ಹಳೆಯ ರೂಪ ಗಟ್ಟಿಯಾಗಿ ಉಳಿದಿರುವುದು ಹಾಲಿನ ಗುಡಿಗಳಲ್ಲಿ, ಅಂದರೆ ಹಾಲು ಕಡೆಯುವ ಮನೆಯೇ ದೇವಸ್ಥಾನವೂ ಆದ ಕಡೆ. ಅವಕ್ಕೆ ಹುಲ್ಲು ಹೊದಿಸುವ ಕೆಲಸ ಬಂದಾಗ ಬೇರೆ ಬೇರೆ ಮಂದುಗಳ ಗಂಡಸರು ಸೇರುತ್ತಾರೆ. ಊಟಿಯ ಹತ್ತಿರದ ಮುತ್ತನಾಡು ಮಂದಿನಲ್ಲಿ ಎತ್ತರಕ್ಕೆ ಶಂಕುವಿನಂತೆ ನಿಂತ ಗುಡಿಯೊಂದಿದೆ. ವರ್ಷದ ಕೊನೆಯ ಚಳಿಯಲ್ಲಿ ಮೊದ್ವೆತ್ ಹಬ್ಬ ನಡೆಯುವುದು ಅಲ್ಲಿಯೇ. ಗಂಡಸರಷ್ಟೇ ಸೇರುವ ಹಬ್ಬ. ಪೂಜೆಯಾದ ಮೇಲೆ ಹುಡುಗರು ನುಣುಪಾದ ಗುಂಡುಕಲ್ಲೊಂದನ್ನು ಹೆಗಲವರೆಗೆ ಎತ್ತಿ ಬಲ ತೋರಿಸುತ್ತಾರೆ.

ಎಮ್ಮೆಯನ್ನು ಪೂಜಿಸುತ್ತಾರಂತೆ?

ಪೂಜಿಸುತ್ತಾರೆ ಎಂದರೆ ಅರ್ಧ ಸತ್ಯ. ತೋಡರಿಗೆ ಹಾಲು ಕರೆಯುವುದು, ಕಡೆಯುವುದು, ಬೆಣ್ಣೆ ತೆಗೆಯುವುದೇ ಪೂಜೆ. ಗುಡಿಯೇ ಹಾಲಿನ ಮನೆ, ಪೂಜಾರಿಯೇ ಗೌಳಿ. ಎಮ್ಮೆಗಳಲ್ಲಿ ಮನೆಯ ಎಮ್ಮೆ ಬೇರೆ, ದೇವರ ಎಮ್ಮೆ ಬೇರೆ. ದೇವರ ಎಮ್ಮೆಯ ಹಾಲು ಮುಟ್ಟಲು ಪೂಜಾರಿಯಾಗಿ ದೀಕ್ಷೆ ಪಡೆಯಬೇಕು, ಅದಕ್ಕೆ ತಕ್ಕ ಮಡಿ ಪಾಲಿಸಬೇಕು. ಗುಡಿಗಳಲ್ಲೂ ಮೆಟ್ಟಿಲುಗಳಿದ್ದವು, ಮೇಲಿನ ದರ್ಜೆಯ ಗುಡಿಯಾದಷ್ಟೂ ಕಟ್ಟುಪಾಡು ಹೆಚ್ಚು. ಎಲ್ಲಕ್ಕಿಂತ ಮೇಲಿನ ದರ್ಜೆ ಈಗ ನಿಂತುಹೋಗಿದೆ. ಎಮ್ಮೆಗಳಿಗೆ ಉಪ್ಪುನೀರು ಕುಡಿಸುವುದಕ್ಕೂ ಒಂದು ವಿಧಿ ಇದೆ. ಬಡಗರಲ್ಲೂ ದನಗಳಿಗೆ ಉಪ್ಪು ಕೊಡುವ ಹಬ್ಬವಿದೆ, ಉಪ್ಪು ಅಟ್ಟುವ ಹಬ್ಬ ಎನ್ನುತ್ತಾರೆ.

ಇನ್ನೊಂದು ಹೋಲಿಕೆ ನೋಡಿ. ಹಳೆಯ ಬಡಗ ಮನೆಯೊಳಗೆ ಹಾಗೋಟು ಎಂಬ ಹಾಲಿನ ಕೋಣೆ ಇರುತ್ತಿತ್ತು. ಹೆಂಗಸರು ಅಲ್ಲಿಗೆ ಹೋಗುತ್ತಿರಲಿಲ್ಲ. ತೋಡರ ಹಾಲಿನ ಗುಡಿಗೂ ಹೆಂಗಸರು ಹೋಗುವುದಿಲ್ಲ. ಯಾರು ಯಾರಿಂದ ಕಲಿತರೋ ಹೇಳುವುದು ಕಷ್ಟ, ಆದರೆ ಬೆಟ್ಟದಲ್ಲಿ ಹಾಲು ಬರೀ ಹಾಲಾಗಿರಲಿಲ್ಲ. ನಮ್ಮ ಬಯಲಿನಲ್ಲಿ ಹಾಲು ಕರೆಯುವುದು ಮನೆಯ ಹೆಂಗಸರ ಕೆಲಸವೆಂದೇ ನೋಡಿಕೊಂಡು ಬಂದ ನನಗೆ ಇದು ಇಂದಿಗೂ ವಿಚಿತ್ರ.

ಎಮ್ಮೆಗಳು ಮಾತ್ರ ಕಡಿಮೆಯಾಗಿವೆ. ಹುಲ್ಲುಗಾವಲನ್ನು ಪಾಳುಭೂಮಿ ಎಂದುಕೊಂಡ ಬ್ರಿಟಿಷರು, ಅವರ ನಂತರದ ಅರಣ್ಯ ಇಲಾಖೆ, ಅಲ್ಲಿ ನೀಲಗಿರಿ ಮರ, ವ್ಯಾಟಲ್, ಪೈನ್ ನೆಟ್ಟರು. ನಾವು ಕನ್ನಡದಲ್ಲಿ ಯೂಕಲಿಪ್ಟಸ್‌ಗೆ ನೀಲಗಿರಿ ಎಂದೇ ಹೆಸರಿಟ್ಟಿದ್ದೇವೆ. ಆ ಮರ ಬಂದದ್ದು ಆಸ್ಟ್ರೇಲಿಯಾದಿಂದ. ಮೇಯುವ ನೆಲ ಹೋದರೆ ಎಮ್ಮೆ ಹೋಗುತ್ತದೆ, ಎಮ್ಮೆ ಹೋದರೆ ಗುಡಿಯಲ್ಲಿ ಮಾಡಲು ಕೆಲಸವಿಲ್ಲ.

ಕೆಂಪು–ಕಪ್ಪು ಕಸೂತಿಯ ಶಾಲು ಕೊಂಡೆ. ಅಸಲಿಯೋ ನಕಲಿಯೋ ಹೇಗೆ ತಿಳಿಯುವುದು?

ತಿರುಗಿಸಿ ನೋಡಿ. ತೋಡ ಹೆಂಗಸರು ದಪ್ಪನೆಯ ಮಾಸಲು ಬಿಳಿ ಹತ್ತಿ ಬಟ್ಟೆಯ ಮೇಲೆ ಕೆಂಪು ಮತ್ತು ಕಪ್ಪು ದಾರದಿಂದ ಹೊಲಿಯುತ್ತಾರೆ. ಬಟ್ಟೆಯ ಮೇಲೆ ಮೊದಲೇ ಗೆರೆ ಎಳೆಯುವುದಿಲ್ಲ, ಅಚ್ಚು ಹಾಕುವುದಿಲ್ಲ, ಚೌಕಟ್ಟಿಗೆ ಬಿಗಿಯುವುದಿಲ್ಲ. ಎಳೆ ಎಣಿಸುವುದೊಂದೇ. ಒಮ್ಮೆ ಒಂದು ಮಂದಿನ ಜಗಲಿಯಲ್ಲಿ ಅರ್ಧ ಗಂಟೆ ನೋಡುತ್ತ ಕೂತಿದ್ದೆ. ಆ ತಾಯಿ ಎಡಗೈ ಹೆಬ್ಬೆರಳಿನ ಉಗುರಿನಿಂದ ಎಳೆಗಳನ್ನು ಒಂದೊಂದಾಗಿ ಒತ್ತಿ ಬಿಡಿಸುತ್ತ, ಪಕ್ಕದವಳ ಜೊತೆ ಮಾತನಾಡುತ್ತಲೇ ಸೂಜಿ ಹಾಕುತ್ತಿದ್ದರು. ದಾರವನ್ನು ಪೂರ್ತಿ ಬಿಗಿಯಾಗಿ ಎಳೆಯದೆ ಪ್ರತಿ ಹೊಲಿಗೆಯಲ್ಲೂ ಚೂರು ಸಡಿಲ ಬಿಡುತ್ತಿದ್ದರು. ಆ ಸಡಿಲಿನಿಂದಲೇ ಒಂದು ಬದಿ ಉಬ್ಬುಬ್ಬಾಗಿ, ನೇಯ್ದಂತೆ ಕಾಣುತ್ತದೆ. ಮಾತಿನ ನಡುವೆ ಒಮ್ಮೆ ಮಾತ್ರ ಸುಮ್ಮನಾದರು: ಎಣಿಕೆ ತಪ್ಪಿತ್ತು. ಎರಡು ಹೊಲಿಗೆ ಬಿಚ್ಚಿ ಮತ್ತೆ ಹಾಕಿದರು.

ನಾವು ಹಿಂಬದಿ ಎಂದುಕೊಳ್ಳುವ ಆ ಉಬ್ಬು ಬದಿಯೇ ತೋಡರಿಗೆ ಚಂದ. ಹೊದೆಯುವಾಗ ಅದನ್ನೇ ಹೊರಗೆ ಬಿಡುತ್ತಾರೆ. ಯಂತ್ರದ ಕಸೂತಿಯಲ್ಲಿ ಹಿಂಬದಿ ಎಂದರೆ ಬರೀ ಗಂಟು, ಸಿಕ್ಕು. ಈ ಕಸೂತಿಗೆ 2013ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಮೈತುಂಬ ಹೊದೆಯುವ ದೊಡ್ಡ ಶಾಲಿಗೆ ಪೂತ್ಕುಳಿ ಎನ್ನುತ್ತಾರೆ. ಸತ್ತವರಿಗೂ ಕೊನೆಯಲ್ಲಿ ಹೊದಿಸುವುದು ಅದನ್ನೇ. ಒಂದಕ್ಕೆ ವಾರಗಟ್ಟಲೆ ದುಡಿತ ಬೇಕು. ಬೆಲೆ ಹೇಳಿದಾಗ ದಯವಿಟ್ಟು ಅರ್ಧಕ್ಕೆ ಕೇಳಬೇಡಿ.

ಅಣ್ಣತಮ್ಮಂದಿರಿಗೆಲ್ಲ ಒಬ್ಬಳೇ ಹೆಂಡತಿ ಇದ್ದಳಂತೆ?

ತೋಡರಲ್ಲಿ ಇತ್ತು, ಈಗಿಲ್ಲ. ಆದರೂ ಕೇಳುವವರು ಕಣ್ಣು ಮಿಟುಕಿಸಿಕೊಂಡೇ ಕೇಳುವುದರಿಂದ, ಅದಕ್ಕಿಂತ ಹೇಳಬೇಕಾದ ಒಂದು ವಿಷಯ ಹೇಳುತ್ತೇನೆ. ಮಗುವಿನ ತಂದೆ ಯಾರು ಎಂಬುದನ್ನು ಅವರು ವಿಧಿಯಿಂದ ನಿರ್ಧರಿಸುತ್ತಿದ್ದರು. ಬಸುರಿಗೆ ಏಳನೆಯ ತಿಂಗಳಾದಾಗ ಕಾಡಿನ ಮರವೊಂದರ ಬುಡದಲ್ಲಿ ಗೂಡು ಕೊರೆದು ದೀಪ ಇಡುತ್ತಾರೆ. ಗಂಡ ಕಡ್ಡಿ, ಹುಲ್ಲಿನಲ್ಲಿ ಮಾಡಿದ ಪುಟ್ಟ ಬಿಲ್ಲುಬಾಣವನ್ನು ಅವಳ ಕೈಗೆ ಕೊಡುತ್ತಾನೆ. ದೀಪ ಆರುವವರೆಗೂ ಅವಳು ಅದನ್ನೇ ನೋಡುತ್ತ ನಿಲ್ಲುತ್ತಾಳೆ. ಬಿಲ್ಲು ಕೊಟ್ಟವನೇ ಅಪ್ಪ. ಈ ಶಾಸ್ತ್ರ ಇವತ್ತಿಗೂ ನಡೆಯುತ್ತದೆ. ಬಡಗರಲ್ಲೂ ಬಸುರಿಯ ಕೊರಳಿಗೆ ದಾರ ಕಟ್ಟುವ ಶಾಸ್ತ್ರವುಂಟು. ಹಿಂದೆ ಮದುವೆ ಪೂರ್ತಿಯಾಗುತ್ತಿದ್ದದ್ದು ಆ ದಾರ ಬಿದ್ದ ಮೇಲೆ.

ಹಣದ ಓಡಾಟವಿಲ್ಲದ ಕಾಲದಲ್ಲಿ ಇವರೆಲ್ಲ ಹೇಗೆ ಬದುಕುತ್ತಿದ್ದರು?

ಒಬ್ಬರನ್ನೊಬ್ಬರು ನಂಬಿ. ನನ್ನನ್ನು ಈ ಬೆಟ್ಟಕ್ಕೆ ಮತ್ತೆ ಮತ್ತೆ ಎಳೆದದ್ದು ಕಸೂತಿಯೂ ಅಲ್ಲ, ಹುಲ್ಲಿನ ಮನೆಯೂ ಅಲ್ಲ, ಈ ಲೆಕ್ಕಾಚಾರ.

ತೋಡರು ಉಳುಮೆ ಮಾಡುತ್ತಿರಲಿಲ್ಲ. ಕಬ್ಬಿಣ ಕಾಯಿಸಲು, ಮಡಕೆ ಮಾಡಲು ಅವರಿಗೆ ಬರುತ್ತಿರಲಿಲ್ಲ. ತುಪ್ಪ, ಬೆಣ್ಣೆ, ಎಮ್ಮೆಗಳಿದ್ದವು. ಕೋತರ ಗಂಡಸರು ಕುಡುಗೋಲು, ಕೊಡಲಿ ಮಾಡುತ್ತಿದ್ದರು, ಹೆಂಗಸರು ಮಡಕೆ ಮಾಡುತ್ತಿದ್ದರು. ಬಡಗರು ರಾಗಿ, ಸಾಮೆ, ಕೊರಲೆ ಬೆಳೆಯುತ್ತಿದ್ದರು. ಕುರುಂಬರು ಜೇನು, ಬೆತ್ತ, ಬಿದಿರು, ಕಾಡಿನ ಮದ್ದು ತರುತ್ತಿದ್ದರು. ತೋಡರ ಹಾಲಿನ ಗುಡಿಯ ಮಡಕೆ ಎಷ್ಟೇ ಮಡಿಯದಾದರೂ ಅದು ಮತ್ತೊಂದು ಜನದ ಕೈಯಲ್ಲಿ ರೂಪ ಪಡೆದದ್ದು. ಬಡಗರ ಸಾವಿಗೆ ಕೋತರ ವಾದ್ಯವಿಲ್ಲದಿದ್ದರೆ ಶವ ಏಳುತ್ತಿರಲಿಲ್ಲ. ಹೊಲದಲ್ಲಿ ಮೊದಲ ಬೀಜ ಹಾಕಲು ಕುರುಂಬ ಬರಬೇಕಿತ್ತು.

ಇದು ಸಂತೆಯ ವ್ಯಾಪಾರವಾಗಿರಲಿಲ್ಲ. ಈ ಬಡಗ ಮನೆತನಕ್ಕೆ ಈ ಕೋತ ಮನೆತನ ಎಂದು ತಲೆಮಾರುಗಳಿಂದ ಗೊತ್ತಾಗಿರುತ್ತಿತ್ತು. ಕುಡುಗೋಲು ಬೇಕಾದಾಗ ಬೇಕು, ಧಾನ್ಯ ಸುಗ್ಗಿಯಲ್ಲಿ. ನಮ್ಮ ಹಳ್ಳಿಗಳ ಆಯದ ಪದ್ಧತಿಯನ್ನು ನೆನೆಸಿಕೊಳ್ಳಿ, ಆದರೆ ಜಾತಿಯ ಬದಲು ಇಲ್ಲಿ ಬೇರೆ ಬೇರೆ ಭಾಷೆಯ ಜನ. ಬಡಗರು ತೋಡರಿಗೆ ಕೊಡುತ್ತಿದ್ದ ಧಾನ್ಯಕ್ಕೆ ಗುಡು ಎಂಬ ಹೆಸರಿತ್ತು. ಬ್ರಿಟಿಷ್ ಅಧಿಕಾರಿಗಳು ಅದನ್ನು ಒಡೆಯನಿಗೆ ಕೊಡುವ ಗೇಣಿ ಎಂದು ಬರೆದುಕೊಂಡು, ತೋಡರೇ ಬೆಟ್ಟದ ಮಾಲೀಕರು ಎಂದು ತೀರ್ಮಾನಿಸಿದರು. ಕಚೇರಿಯ ಪುಸ್ತಕದಲ್ಲಿ ಕೊಡುಕೊಳ್ಳುವಿಕೆಗೆ ಒಂದು ಕಲಮು ಇರಲಿಲ್ಲವೇನೋ.

ಎಲ್ಲ ಸೊಗಸಾಗಿತ್ತು ಎಂದೇನೂ ಹೇಳುತ್ತಿಲ್ಲ. ತೋಡರ ಸಾವಿನಲ್ಲಿ ಕಡಿದ ಎಮ್ಮೆಯ ಮಾಂಸ ಕೋತರಿಗೆ ಹೋಗುತ್ತಿತ್ತು. ಅದನ್ನು ತಿನ್ನುತ್ತಾರೆಂದು ಉಳಿದವರು ಅವರನ್ನು ಕೀಳಾಗಿ ಕಾಣುತ್ತಿದ್ದರು, ದೂರ ನಿಲ್ಲಿಸುತ್ತಿದ್ದರು. ಪೇಟೆಯಲ್ಲಿ ತಗಡಿನ ಪಾತ್ರೆ, ಕಾರ್ಖಾನೆಯ ಕತ್ತಿ ಸಿಗತೊಡಗಿದ ಮೇಲೆ, 1930ರ ದಶಕದ ಹೊತ್ತಿಗೆ, ಈ ವ್ಯವಸ್ಥೆ ಮುರಿಯಿತು. ಬಡಗರಲ್ಲಿ ಸುಧಾರಣೆಯ ಮನಸ್ಸಿನವರು ಸಾವಿಗೆ ಕೋತರ ವಾದ್ಯ ಬೇಡ ಎಂದರು. ಕೋತರಲ್ಲೂ ಸುಳ್ಳಿ ಎಂಬ ಶಾಲಾಮಾಸ್ತರರು ಜುಟ್ಟು ಕತ್ತರಿಸಿಕೊಂಡು, ಹಳೆಯ ಪದ್ಧತಿಗಳನ್ನು ಬಿಡಬೇಕೆಂದು ತಮ್ಮವರ ಜೊತೆಯೇ ಜಗಳಕ್ಕೆ ನಿಂತರು. ಎಮೆನೋಗೆ ಕೋತ ಭಾಷೆಯ ಕಥೆಗಳನ್ನು ಹೇಳಿ ಬರೆಸಿದವರೂ ಅವರೇ. ಜುಟ್ಟು ಬೇಡವೆಂದ ಮನುಷ್ಯನ ಬಾಯಿಂದಲೇ ಹಳೆಯ ಕಥೆಗಳು ಉಳಿದವು.

ಕೋತರ ವಾದ್ಯಗಳು ಯಾವುವು?

ಕೊಳ್ ಎಂಬ ಓಲಗದಂಥ ವಾದ್ಯ, ಕೊಬ್ ಎಂಬ ಬಾಗಿದ ಹಿತ್ತಾಳೆಯ ಕೊಂಬು, ತಬಟ್ಕ್ ಎಂಬ ತಮಟೆ, ಜೊತೆಗೆ ಡೋಲು. ದೇವರಿಗೆ ನುಡಿಸುವ ಮಟ್ಟು ಬೇರೆ, ಕುಣಿತದ್ದು ಬೇರೆ, ಸಾವಿನದ್ದು ಬೇರೆ. ಒಂದರ ಜಾಗದಲ್ಲಿ ಇನ್ನೊಂದನ್ನು ನುಡಿಸುವಂತಿಲ್ಲ. ಡಿಸೆಂಬರ್–ಜನವರಿಯಲ್ಲಿ ಬರುವ ದೊಡ್ಡ ಹಬ್ಬದಲ್ಲಿ ಅಯ್ಯನೋರ್, ಅಮ್ಮನೋರ್ ಎಂಬ ತಂದೆತಾಯಿ ದೇವರ ಮುಂದೆ ಬೆಂಕಿಯ ಸುತ್ತ ಮೊದಲು ಗಂಡಸರು, ಕೊನೆಯ ದಿನಗಳಲ್ಲಿ ಹೆಂಗಸರು ಕುಣಿಯುತ್ತಾರೆ. ಅಂದಹಾಗೆ ಕೋತಗಿರಿ ಎಂಬುದು ಕೋತರ ಕೇರಿ.

ಕುರುಂಬರು ಮಾಟ ಮಾಡುತ್ತಾರೆಯೇ?

ಹಾಗೆಂದು ಉಳಿದವರು ನಂಬಿದ್ದರು. ಆ ನಂಬಿಕೆಗೆ ಬೆಲೆ ತೆತ್ತವರು ಕುರುಂಬರು. ಊರಿನಲ್ಲಿ ಮಕ್ಕಳೋ ದನಗಳೋ ಸಾಲಾಗಿ ಸತ್ತರೆ ಕಾಡಿನ ಕುರುಂಬನ ಮೇಲೆ ಅನುಮಾನ. 19ನೇ ಶತಮಾನದಲ್ಲಿ ಗುಂಪುಗುಂಪಾಗಿ ಅವರನ್ನು ಕೊಂದ ಘಟನೆಗಳು ಒಂದಲ್ಲ, ಹಲವು ದಾಖಲಾಗಿವೆ. ಹೀಗೆ ಹೆದರುವ ಬಡಗರೇ ಮಾಟದಿಂದ ಕಾಪಾಡಲೆಂದು ಇನ್ನೊಬ್ಬ ಕುರುಂಬನನ್ನು ಊರಿಗೆ ಗೊತ್ತು ಮಾಡಿಕೊಳ್ಳುತ್ತಿದ್ದರು. ಕುರುಂಬರ ಬಗ್ಗೆ ಮಾತು ಬಂದರೆ ಮಾಟಕ್ಕಿಂತ ಅವರ ಚಿತ್ರಗಳನ್ನು ಕೇಳಿ. ಹೊನ್ನೆ ಮರದ ಕೆಂಪು ಅಂಟು, ಇದ್ದಿಲು, ಎಲೆಯ ರಸ, ಮಣ್ಣು ಬಳಸಿ ಆಲು ಕುರುಂಬರು ಮನೆಯ ಗೋಡೆಯ ಮೇಲೆ ಬಿಡಿಸುತ್ತಿದ್ದುದನ್ನು ಈಗ ಕಾಗದ, ಬಟ್ಟೆಯ ಮೇಲೆ ಬಿಡಿಸಿ ಮಾರುತ್ತಾರೆ.

ಕುರುಂಬರು ಬಂಡೆಯ ಜೇನು ಕೀಳುವುದು ಹೇಗೆ?

ಹೆಜ್ಜೇನು ಕಟ್ಟುವುದು ಬಂಡೆಯ ಚಾಚಿನ ಕೆಳಗೆ. ಕಾಡುಬಳ್ಳಿ ಹೆಣೆದ ಏಣಿಯನ್ನು ಮೇಲಿನಿಂದ ಇಳಿಬಿಟ್ಟು, ಹೊಗೆಯ ಪಂಜು ಹಿಡಿದು, ಬಹುಮಟ್ಟಿಗೆ ಕತ್ತಲಲ್ಲಿ ಇಳಿಯುತ್ತಾರೆ. ಇಳಿಯುವುದಕ್ಕೆ ಮುಂಚಿನ ಕೆಲವು ದಿನ ಮಡಿಯಲ್ಲಿರಬೇಕು. ಇಳಿಯುವಾಗ ಜೇನನ್ನು ಉದ್ದೇಶಿಸಿ ಹಾಡುತ್ತಾರೆ. ಮೇಲೆ ಏಣಿ ಕಾಯುವವನು ಸಾಮಾನ್ಯವಾಗಿ ಹೆಂಡತಿಯ ಅಣ್ಣನೋ ತಮ್ಮನೋ. ತಂಗಿ ವಿಧವೆಯಾಗುವುದು ಯಾರಿಗೆ ಬೇಕು? ಸ್ವಂತ ಅಣ್ಣತಮ್ಮನನ್ನು ನಂಬಬಹುದು, ಆದರೆ ಭಾವಮೈದುನನನ್ನು ಇನ್ನೂ ಹೆಚ್ಚು ನಂಬಬಹುದು ಎಂಬುದು ಕಾಡಿನ ಲೆಕ್ಕ.

ಇರುಳರು ಹಾವು ಹಿಡಿಯುವವರಲ್ಲವೇ?

ಹಾವಿನ ವಿಷ ಸಂಗ್ರಹದ ಸಹಕಾರ ಸಂಘ, ಹಾವು ಹಿಡಿಯುವವರಿಗೆ ಸಿಕ್ಕ 2023ರ ಪದ್ಮಶ್ರೀ, ಇವೆಲ್ಲ ಚೆನ್ನೈ ಹತ್ತಿರದ ಚೆಂಗಲ್ಪಟ್ಟು ಕಡೆಯ ಇರುಳರದು. ನೀಲಗಿರಿಯ ಇರುಳರು ತಪ್ಪಲಿನ ಬೇಸಾಯ, ಕಾಡುತ್ಪನ್ನ, ತೋಟದ ಕೂಲಿ ಮಾಡುವವರು. ರಂಗಸ್ವಾಮಿ ಬೆಟ್ಟದಲ್ಲಿ ಪೂಜೆ ಇವರದು.

ಬಡಗರ ಮನೆಯಲ್ಲಿ ಊಟಕ್ಕೆ ಏನಿರುತ್ತದೆ?

ಈಗ ಅನ್ನ, ಸಾರು, ನಮ್ಮ ಹಾಗೆಯೇ. ಆದರೆ ನೆಂಟರು ಬಂದರೆ ಅವರೆ ಉದಕ ಖಂಡಿತ. ಉದಕ ಎಂದರೆ ತೆಳುವಾದ ಸಾರು. ಮೈಸೂರು, ಮಂಡ್ಯದ ಕಡೆಯ ಹಳ್ಳಿಗಳಲ್ಲಿ ಉದಕ ಎಂದರೂ ಅದೇ. ಮನೆಯವರೇ ಹುರಿದು ಕುಟ್ಟಿದ ಮಸಾಲೆ ಪುಡಿ, ಒಣಗಿಸಿಟ್ಟ ಅವರೆ, ಅದರಲ್ಲಿ ಬೆಂದ ಆಲೂಗಡ್ಡೆ. ಪಕ್ಕದಲ್ಲಿ ಮುದ್ದೆಗೆ ಹತ್ತಿರದ ರಾಗಿ ಹಿಟ್ಟು. ಮದುವೆ, ಹಬ್ಬಕ್ಕೆ ತುಪ್ಪದ ಹಿಟ್ಟು ಕರಿಯುತ್ತಾರೆ: ಮೈದಾ, ಸಕ್ಕರೆಯ ಸಿಹಿ ರೊಟ್ಟಿ, ಹೊರಗೆ ಗರಿ, ಒಳಗೆ ಮೆತ್ತಗೆ. ಚಹಾದ ಜೊತೆ ಎರಡು ತಿಂದರೆ ಮಧ್ಯಾಹ್ನದ ಊಟ ಬೇಡ. ಮಾಂಸದ ಸಾರೂ ಉಂಟು, ಎಲ್ಲ ಗುಂಪಿನವರಲ್ಲೂ ಅಲ್ಲ.

ಹೆತ್ತೆ ಹಬ್ಬ ಯಾವಾಗ?

ಡಿಸೆಂಬರ್ ಕೊನೆ, ಜನವರಿ ಮೊದಲ ಭಾಗದಲ್ಲಿ. ಹೆತ್ತೆ ಎಂದರೆ ಅಜ್ಜಿ. ಅಜ್ಜಿಯೇ ಅವರ ಮುಖ್ಯ ದೈವ. ಒಲ್ಲದ ಮದುವೆಗೆ ಒಪ್ಪದೆ ನೀರಿಗೆ ಹಾರಿದ ಹುಡುಗಿಯೇ ಹೆತ್ತೆಯಾದಳು ಎಂಬುದು ಒಂದು ಪಾಠ, ಊರಿಗೊಂದು ಪಾಠವಿದೆ. ಕೋತಗಿರಿ ಸೀಮೆಯ ಬೇರಗಣಿಗೆ ಅಂದು ಹಟ್ಟಿಹಟ್ಟಿಯಿಂದ ಜನ ನಡೆದೇ ಬರುತ್ತಾರೆ. ಎಲ್ಲರೂ ಬಿಳಿ. ಗಂಡಸರಿಗೆ ಬಿಳಿ ಪೇಟ, ಹೆಂಗಸರ ತಲೆಗೆ ಬಿಳಿ ಪಟ್ಟು. ಚಹಾ ತೋಟದ ಹಸಿರಿನ ನಡುವಿನ ಕಾಲುದಾರಿಯಲ್ಲಿ ಆ ಬಿಳಿ ಸಾಲು ಇಳಿದು ಬರುವುದನ್ನು ನೋಡಲೆಂದೇ ನಾನು ಒಂದು ವರ್ಷ ರಜೆ ಹಾಕಿ ಹೋಗಿದ್ದೆ. ಕಿರಿಯರು ತಲೆ ಬಾಗಿಸಿದರೆ ಹಿರಿಯರು ನೆತ್ತಿಯ ಮೇಲೆ ಕೈ ಇಟ್ಟು ಹರಸುತ್ತಾರೆ. ಗುರುತಿಲ್ಲದ ನನಗೂ ಒಬ್ಬ ಅಜ್ಜ ಹಾಗೆಯೇ ಹರಸಿದರು. ತಲೆ ಬಾಗಿಸಬೇಕೆಂದು ನನಗೆ ಗೊತ್ತಾದದ್ದೇ ಆಮೇಲೆ.

ಸಾವಿನಲ್ಲಿ ಕರು ಬಿಡುವುದು ಏಕೆ?

ಸತ್ತವರ ಪಾಪ ಹೊತ್ತು ಹೋಗಲೆಂದು. ಬಡಗರು ಇದನ್ನು ಕರು ಹರಚೋದು ಎನ್ನುತ್ತಾರೆ. ಹಿರಿಯರೊಬ್ಬರು ಶವದ ಪಕ್ಕದಲ್ಲಿ ನಿಂತು ಪಾಪಗಳನ್ನು ಒಂದೊಂದಾಗಿ ಹೇಳುತ್ತಾರೆ. ಸುತ್ತ ನೆರೆದವರು ಪ್ರತಿಯೊಂದಕ್ಕೂ ಅದು ಪಾಪ ಎಂದು ದನಿಗೂಡಿಸುತ್ತಾರೆ. 19ನೇ ಶತಮಾನದಲ್ಲಿ ಬರೆದಿಟ್ಟ ಪಟ್ಟಿಗಳಲ್ಲಿ ಹರಿಯುವ ಹಾವು ಕೊಂದದ್ದು, ಗಡಿಕಲ್ಲು ಸರಿಸಿದ್ದು, ಹೊಸಬರಿಗೆ ಬೆಟ್ಟದ ದಾರಿ ತೋರಿಸದಿದ್ದದ್ದು ಎಲ್ಲ ಇವೆ. ಮಾವ ನೆಲದ ಮೇಲೆ ಕೂತಿರುವಾಗ ತಾನು ಮಂಚದ ಮೇಲೆ ಕೂತದ್ದು, ಜಗಲಿ ಏರಿ ಅತ್ತೆಯನ್ನು ಅಲ್ಲಿಂದ ಎಬ್ಬಿಸಿದ್ದು ಕೂಡ. ಸತ್ತವನು ಅದನ್ನೆಲ್ಲ ಮಾಡಿದ್ದನೆಂದಲ್ಲ. ಮನುಷ್ಯನಾದವನು ಮಾಡಬಹುದಾದದ್ದನ್ನೆಲ್ಲ ಹೇಳಿ ಬಿಡುವುದು.

ತೋಡರ ಸಾವಿನಲ್ಲಿ ಎಮ್ಮೆ ಹೋಗುತ್ತದೆ, ಆಚೆಯ ಲೋಕದಲ್ಲೂ ಹಾಲು ಬೇಕಲ್ಲ. ಅಳುವ ರೀತಿ ನೆನಪಿನಲ್ಲಿ ಉಳಿಯುವಂಥದ್ದು: ಇಬ್ಬಿಬ್ಬರು ಎದುರುಬದುರಾಗಿ ಹಣೆಗೆ ಹಣೆ ತಾಗಿಸಿ ಅಳುತ್ತಾರೆ. ಒಬ್ಬರೇ ಮೂಲೆಯಲ್ಲಿ ಕೂತು ಅಳುವಂತಿಲ್ಲ.

ಬಡಗರು ಪರಿಶಿಷ್ಟ ಪಂಗಡದವರೇ?

ಅಲ್ಲ. ಹಿಂದುಳಿದ ವರ್ಗದಲ್ಲಿದ್ದಾರೆ. ಪಂಗಡಕ್ಕೆ ಸೇರಿಸಬೇಕೆಂಬ ಬೇಡಿಕೆ ಹಳೆಯದು, ಚುನಾವಣೆ ಬಂದಾಗಲೆಲ್ಲ ಹೊಸದಾಗುತ್ತದೆ. ತೋಡ, ಕೋತ, ಕುರುಂಬ, ಇರುಳ, ಪಣಿಯ, ಕಾಟ್ಟುನಾಯಕ, ಈ ಆರು ಪಂಗಡಗಳನ್ನು ವಿಶೇಷ ದುರ್ಬಲ ಬುಡಕಟ್ಟುಗಳೆಂದು ಸರ್ಕಾರ ಗುರುತಿಸಿದೆ.

ಈಗ ಅವರ ಜೀವನ ಯಾವುದರ ಮೇಲೆ ನಡೆಯುತ್ತದೆ?

ಬಡಗರದು ಚಹಾ. ಹೆಚ್ಚಿನವರದು ಒಂದೆರಡು ಎಕರೆಯ ಸಣ್ಣ ಹಿಡುವಳಿ. ಎಲೆ ಕಿತ್ತು ಕಾರ್ಖಾನೆಗೆ ಹಾಕಬೇಕು, ದರ ಅವರ ಕೈಯಲ್ಲಿಲ್ಲ. ಸಣ್ಣ ಬೆಳೆಗಾರರ ಸಹಕಾರಿ ಕಾರ್ಖಾನೆಗಳ ಒಕ್ಕೂಟ ಇಂಡ್ಕೋಸರ್ವ್ 1965ರಿಂದ ಇದೆ. 1990ರ ದಶಕದ ಕೊನೆಯಲ್ಲಿ ಹಸಿರೆಲೆಯ ಬೆಲೆ ಕುಸಿದದ್ದು ಅಲ್ಲಿನ ಮನೆಮನೆಯಲ್ಲೂ ಇವತ್ತಿಗೂ ಮಾತು. ಆ ನಂತರ ಹುಡುಗರು ಕೊಯಮತ್ತೂರು, ಬೆಂಗಳೂರು ಹಿಡಿದರು. ಓದಿನಲ್ಲಿ ಬಡಗರು ಮೊದಲೇ ಮುಂದಿದ್ದರು. ಅಕ್ಕಮ್ಮ ದೇವಿ 1962ರಲ್ಲಿ ನೀಲಗಿರಿಯಿಂದ ಲೋಕಸಭೆಗೆ ಗೆದ್ದರು. ತೋಡರಲ್ಲಿ ಕ್ಯಾರೆಟ್ ಬೆಳೆಯುವವರು, ಬ್ಯಾಂಕಿನಲ್ಲಿರುವವರು ಇಬ್ಬರೂ ಸಿಗುತ್ತಾರೆ. ಕುರುಂಬ, ಪಣಿಯರಲ್ಲಿ ಮಾತ್ರ ಕೂಲಿಯೇ ಹೆಚ್ಚು.

ಹೋದಾಗ ಏನು ಗಮನದಲ್ಲಿಡಬೇಕು?

2024ರ ಮೇ ತಿಂಗಳಿಂದ ವಾಹನಕ್ಕೆ ಇ-ಪಾಸ್ ಬೇಕು, ಆನ್‌ಲೈನ್‌ನಲ್ಲಿ ಸಿಗುತ್ತದೆ. ಪ್ಲಾಸ್ಟಿಕ್ ಬಾಟಲಿ ಒಯ್ಯಬೇಡಿ. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ.

ತೋಡರ ಮಂದಿನೊಳಗೆ ಹೋದರೆ ಹಾಲಿನ ಗುಡಿಯ ಸುತ್ತಿನ ಕಲ್ಲುಗೋಡೆ ದಾಟಬೇಡಿ. ಕೇಳದೆ ಫೋಟೊ ಬೇಡ. ಕುಣಿದು ತೋರಿಸಿ ಎಂದು ಕೇಳುವವರನ್ನು ಕಣ್ಣಾರೆ ಕಂಡಿದ್ದೇನೆ. ನಿಮ್ಮ ಅಂಗಳಕ್ಕೆ ಬಂದ ಅಪರಿಚಿತರು ನಿಮ್ಮ ಅಜ್ಜಿಯನ್ನು ಹಾಗೆ ಕೇಳಿದರೆ ಹೇಗಿರುತ್ತದೆ?

ಬಡಗರ ಜೊತೆ ಕನ್ನಡದಲ್ಲೇ ಮಾತನಾಡಬಹುದೇ?

ಧಾರಾಳವಾಗಿ. ಮೆಲ್ಲಗೆ ಮಾತನಾಡಿ, ಪೇಟೆಯ ಇಂಗ್ಲಿಷ್ ಬೆರೆಸಬೇಡಿ. ಹಳ್ಳಿಗನ್ನಡವಾದಷ್ಟೂ ಒಳ್ಳೆಯದು. ಕೋತಗಿರಿಯ ಬಸ್ ನಿಲ್ದಾಣದಲ್ಲಿ ಒಮ್ಮೆ ಬಿಳಿ ಪಟ್ಟು ಕಟ್ಟಿದ್ದ ಅಜ್ಜಿಯೊಬ್ಬರ ಪಕ್ಕ ಕೂತಿದ್ದೆ. ಅವರ ಚೀಲದಲ್ಲಿ ಒಣ ಅವರೆ ಇತ್ತು. ಇದು ಸಾಂಬಾರಿಗೋ ಎಂದು ಕೇಳಿದೆ. ಅರ್ಥವಾಗದವರಂತೆ ನನ್ನ ಮುಖ ನೋಡಿದರು. ಉದಕಕ್ಕೋ ಎಂದೆ. ಅಜ್ಜಿ ನಕ್ಕು, ಚೀಲದ ಬಾಯಿ ಬಿಚ್ಚಿ, ಒಂದು ಬೊಗಸೆ ಕಾಳು ತೆಗೆದು ನನ್ನ ಅಂಗಿಯ ಜೇಬಿಗೆ ಸುರಿದರು.